ಕಿಡ್ನಿ ಜರ್ನಲ್‌ನ ಚಾರ್ಜ್ ವಹಿಸಿಕೊಂಡ ಮೊದಲ ವರ್ಷ

ಕಳೆದ ಜೂನ್‌ನಲ್ಲಿ ನಮ್ಮ ಕೈಗೆ ಬಂದ ಚಾರ್ಜ್ ಪಟ್ಟಿ ಅರ್ಧ ಪುಟದ್ದು. ಒಂದು ಇಮೇಲ್ ಖಾತೆಯ ಪಾಸ್‌ವರ್ಡ್, ಒಂದು ಪೆನ್‌ಡ್ರೈವ್, ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ) ಪತ್ರದ ಜೆರಾಕ್ಸ್, ಹಳೆಯ ಸಂಚಿಕೆಗಳ ಎರಡು ರಟ್ಟಿನ ಡಬ್ಬಿ. ಪಟ್ಟಿಯಲ್ಲಿ ಇಲ್ಲದೆ ಬಂದದ್ದು ಒಂದಿತ್ತು: ಲೇಖಕರಿಗೆ ಹೌದು ಎಂದೂ ಹೇಳದ, ಇಲ್ಲ ಎಂದೂ ಹೇಳದ 43 ಲೇಖನ.

ಬೆಳಗಾವಿಯಲ್ಲಿ ಕೂತು ನಡೆಸುವ ಈ ಕಿಡ್ನಿ ಸಂಶೋಧನಾ ಪತ್ರಿಕೆ ಸಣ್ಣದು. ಇಂಗ್ಲಿಷಿನಲ್ಲಿ ಬರುತ್ತದೆ. ಬರೆಯುವವರಲ್ಲಿ ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಹುಬ್ಬಳ್ಳಿ ಕಡೆಯ ವೈದ್ಯರು ಮತ್ತು ಪಿಜಿ ವಿದ್ಯಾರ್ಥಿಗಳು. ಹೊಸ ಮಂಡಳಿಯಲ್ಲಿ ಐವರಿದ್ದೇವೆ: ಇಬ್ಬರು ನೆಫ್ರಾಲಜಿಸ್ಟರು (ಕಿಡ್ನಿ ತಜ್ಞರು), ಸಮುದಾಯ ವೈದ್ಯ ವಿಭಾಗದ ಒಬ್ಬರು, ಒಬ್ಬರು ಸಂಖ್ಯಾಶಾಸ್ತ್ರಜ್ಞರು, ಒಬ್ಬರು ಗ್ರಂಥಪಾಲಕರು. ಯಾರಿಗೂ ಇದಕ್ಕೆ ಸಂಬಳವಿಲ್ಲ. ಮುಂದೆ ಇಂಥ ಪತ್ರಿಕೆಯೊಂದನ್ನು ಕೈಗೆತ್ತಿಕೊಳ್ಳುವವರು ನಾವು ಕಳೆದಷ್ಟು ತಿಂಗಳು ಕಳೆಯಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದ ಗುರಿಗಳಲ್ಲಿ ಮೊದಲನೆಯದು ಸಂಶೋಧನಾ ಪತ್ರಿಕೆಗಳ ಅಂತರರಾಷ್ಟ್ರೀಯ ಪಟ್ಟಿ ಸ್ಕೋಪಸ್‌ಗೆ ಸೇರುವುದು, ಎರಡನೆಯದು ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂಬ ಅಂಕಿ. ಗ್ರಂಥಪಾಲಕರು ನಿಯಮ ಓದಿ ಹೇಳಿದರು: ಸ್ಕೋಪಸ್‌ಗೆ ಕನಿಷ್ಠ ಎರಡು ವರ್ಷದ ಪ್ರಕಟಣೆಯ ಇತಿಹಾಸ ಬೇಕು, ಸಂಚಿಕೆಗಳು ಹೇಳಿದ ಹೊತ್ತಿಗೆ ಬಂದಿರಬೇಕು, ಪ್ರಕಟಣಾ ನೀತಿ ಬಹಿರಂಗವಾಗಿರಬೇಕು. ನಮ್ಮ ಹಿಂದಿನ ನಾಲ್ಕು ಸಂಚಿಕೆಗಳಲ್ಲಿ ಮೂರು ತಡವಾಗಿದ್ದವು. ಎರಡೂ ಸಾಲು ಅಳಿಸಿದೆವು. ಅವುಗಳ ಜಾಗದಲ್ಲಿ ನಾವೇ ಎಣಿಸಬಹುದಾದ ಒಂದೇ ಗುರಿ ಬರೆದೆವು: ಲೇಖನ ಬಂದ 60 ದಿನದೊಳಗೆ ಮೊದಲ ತೀರ್ಪು. ಉಳಿದ ಗುರಿಗಳೆಲ್ಲ ಇದರ ಬೆನ್ನಿಗೇ ಬಂದವು.

60 ಎಂಬುದು ಕೂಡಿಸಿ ತೆಗೆದ ಲೆಕ್ಕ. ಕಾಗದಪತ್ರ ನೋಡಿ ಮುಂದೆ ಕಳಿಸಬೇಕೋ ಬೇಡವೋ ಎಂದು ನಿರ್ಧರಿಸಲು 10 ದಿನ, ಇಬ್ಬರು ವಿಮರ್ಶಕರನ್ನು (ಲೇಖನ ತೂಗಿ ನೋಡುವ ಹೊರಗಿನ ತಜ್ಞರು) ಒಪ್ಪಿಸಲು 14, ಅವರು ಓದಿ ಬರೆಯಲು 21, ಸಂಖ್ಯಾಶಾಸ್ತ್ರದ ತಪಾಸಣೆಗೆ 10, ಸಂಪಾದಕರ ಪತ್ರಕ್ಕೆ 5. ಇದರಲ್ಲಿ ಮುರಿಯುವುದು ಹೆಚ್ಚಾಗಿ ಆ 14 ದಿನದ ತುಂಡು. ಅದರ ಮಾತು ಮುಂದೆ ಬರುತ್ತದೆ.

ಬಾಕಿ 43ಕ್ಕೆ ಬರೋಣ. ಪ್ರತಿ ಲೇಖಕರಿಗೂ ಒಂದೇ ಪತ್ರ ಹೋಯಿತು: ನಿಮ್ಮ ಲೇಖನ ನಮ್ಮಲ್ಲಿದೆ, ತಡವಾದದ್ದಕ್ಕೆ ಕ್ಷಮೆ ಇರಲಿ, ಮುಂದುವರಿಸಬೇಕೋ ಹಿಂದಕ್ಕೆ ಪಡೆಯುತ್ತೀರೋ 15 ದಿನದಲ್ಲಿ ತಿಳಿಸಿ. ಪತ್ರ ಹೋದ ಮರುದಿನವೇ ವಿಜಯಪುರದ ಕಡೆಯಿಂದ ಒಬ್ಬ ಪಿಜಿ ವಿದ್ಯಾರ್ಥಿ ಫೋನ್ ಮಾಡಿದರು. "ಸರ್, ಪೇಪರ್ ಇನ್ನೂ ಐತ್ರೀ ನಿಮ್ಮ ಕಡೆ? ನಾ ಕಳದೇ ಹೋತು ಅನ್ಕೊಂಡಿದ್ದೆ." ಅವರ ಲೇಖನ 14 ತಿಂಗಳಿಂದ ಕೂತಿತ್ತು. ಆ ಮಾತು ಕೇಳಿದ ಮೇಲೆ 60 ದಿನದ ಗುರಿಯ ಬಗ್ಗೆ ಮಂಡಳಿಯಲ್ಲಿ ಮತ್ತೆ ಚರ್ಚೆ ಆಗಲಿಲ್ಲ.

ಒಂಬತ್ತು ಲೇಖನಗಳನ್ನು ಲೇಖಕರು ಹಿಂದಕ್ಕೆ ಪಡೆದರು. ಆರು ಮಂದಿ ಉತ್ತರಿಸಲಿಲ್ಲ. 28 ಉಳಿದವು. ಇಲ್ಲಿ ಒಂದು ಎಚ್ಚರಿಕೆ. ಒಪ್ಪಿಗೆ ಬಂದ ಲೇಖನವನ್ನೂ ಶೀರ್ಷಿಕೆ ಮತ್ತು ಲೇಖಕರ ಹೆಸರು ಹಾಕಿ ಹುಡುಕಿಯೇ ಮುಂದೆ ಕಳಿಸಿ. ಕಾದು ಸಾಕಾಗಿ ಬೇರೆ ಕಡೆ ಕೊಟ್ಟಿರುತ್ತಾರೆ, ಅಲ್ಲಿ ಪ್ರಕಟವೂ ಆಗಿರುತ್ತದೆ, ಕೆಲವೊಮ್ಮೆ ಸಹಲೇಖಕರಿಗೆ ಅದು ಗೊತ್ತೇ ಇರುವುದಿಲ್ಲ. ಒಂದೇ ಬರಹ ಎರಡು ಕಡೆ ಅಚ್ಚಾದರೆ ಎರಡನೆಯ ಪತ್ರಿಕೆ ಅದನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ತಡ ಮಾಡಿದ್ದು ಪತ್ರಿಕೆಯಾದರೂ ಮಸಿ ಹತ್ತುವುದು ಲೇಖಕರ ಹೆಸರಿಗೆ.

ಜುಲೈ ಪೂರ್ತಿ ಜಾಲತಾಣದ ಹೆಸರಿಗೇ ಹೋಯಿತು. ಡೊಮೇನ್ ಹಿಂದೊಮ್ಮೆ ಸಹಾಯ ಮಾಡಿದವರೊಬ್ಬರ ಸ್ವಂತ ಹೆಸರಿನಲ್ಲಿ, ಅವರ ಹಳೆಯ ಇಮೇಲ್‌ಗೆ ಕಟ್ಟಿತ್ತು. ನವೀಕರಣಕ್ಕೆ ಉಳಿದದ್ದು ಐದು ವಾರ. ಬಿಟ್ಟರೆ ಯಾರಾದರೂ ಕೊಂಡು, ನಮ್ಮದೇ ಹೆಸರು, ನಮ್ಮದೇ ಐಎಸ್‌ಎಸ್‌ಎನ್ ಹಾಕಿ, ಲೇಖಕರಿಂದ ಹಣ ವಸೂಲು ಮಾಡುವ ನಕಲಿ ಪತ್ರಿಕೆ ನಡೆಸಬಹುದು. ಎಷ್ಟೋ ಪತ್ರಿಕೆಗಳಿಗೆ ಹೀಗೆ ಆಗಿದೆ. ಆದ್ದರಿಂದ ಮೊದಲು ನವೀಕರಣದ ಹಣ ಕಟ್ಟಿ, ಆಮೇಲೆ ಹೆಸರು ಬದಲಾವಣೆಗೆ ಹೋಗಿ. ಡಾಟ್ ಆರ್ಗ್, ಡಾಟ್ ಕಾಮ್ ಹೆಸರುಗಳಲ್ಲಿ ಮಾಲೀಕರ ವಿವರ ಬದಲಿಸಿದರೆ ಸಾಮಾನ್ಯವಾಗಿ 60 ದಿನ ಬೇರೆ ಕಂಪನಿಗೆ ವರ್ಗಾಯಿಸಲು ಬರುವುದಿಲ್ಲ. ನಮಗೆ ಇದು ತಿಳಿಯದೆ ಮೊದಲು ಮಾಲೀಕರ ಹೆಸರು ಬದಲಿಸಿಬಿಟ್ಟೆವು. ಎರಡು ತಿಂಗಳು ಹಳೆಯ ಸರ್ವರ್‌ನ ಬಾಡಿಗೆಯನ್ನೂ ಹೊಸದರ ಬಾಡಿಗೆಯನ್ನೂ ಕಟ್ಟಬೇಕಾಯಿತು. ಬೇರೆ ಕಂಪನಿಗೆ ವರ್ಗಾವಣೆ ಮುಗಿದ ಮೇಲೆಯೇ ಹೆಸರಿನ ಕೆಲಸಕ್ಕೆ ಕೈ ಹಾಕಿ. ಮತ್ತು ಡೊಮೇನ್ ಯಾವತ್ತೂ ಸಂಸ್ಥೆಯ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ.

ಲೇಖನಗಳನ್ನು ಸ್ವೀಕರಿಸಲು ಓಪನ್ ಜರ್ನಲ್ ಸಿಸ್ಟಮ್ಸ್ ಹಾಕಿಕೊಂಡೆವು. ತಂತ್ರಾಂಶಕ್ಕೆ ಹಣವಿಲ್ಲ, ಸರ್ವರ್‌ಗೆ ಮಾತ್ರ ಖರ್ಚು. ಯಾವ ಲೇಖನ ಯಾರ ಮೇಜಿನಲ್ಲಿ ಎಷ್ಟು ದಿನದಿಂದ ಇದೆ ಎಂದು ಅದು ತಾನೇ ತೋರಿಸುತ್ತದೆ, ಇಮೇಲ್‌ನಲ್ಲಿ ಅದು ಎಂದಿಗೂ ಆಗುವುದಿಲ್ಲ.

ಆಗಸ್ಟ್‌ನಲ್ಲಿ ಎರಡು ಕಡೆ ಎಡವಿದೆವು. ಮೊದಲನೆಯದು ಪತ್ರಿಕೆಯ ಹೆಸರಿನದು. ನಮ್ಮ ಪತ್ರಿಕೆಯ ಹೆಸರಿನಲ್ಲಿ 'ರೀನಲ್' ಇದೆ. ಕಿಡ್ನಿ ರೋಗಗಳ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2019ರಲ್ಲಿ ಪದಬಳಕೆಯ ಬಗ್ಗೆಯೇ ಸಮ್ಮೇಳನ ನಡೆಸಿ, 2020ರಲ್ಲಿ ವರದಿ ಕೊಟ್ಟಿತು: 'ರೀನಲ್' ಬದಲು ರೋಗಿಗಳಿಗೂ ತಿಳಿಯುವ 'ಕಿಡ್ನಿ' ಬಳಸಿ, 'ಎಂಡ್ ಸ್ಟೇಜ್' ಬಿಟ್ಟು 'ಕಿಡ್ನಿ ವೈಫಲ್ಯ' ಎನ್ನಿ, ಡಯಾಲಿಸಿಸ್ ಮೇಲಿದ್ದಾರೋ ಕಸಿ ಆಗಿದೆಯೋ ಹೇಳಿ. ಇದು ನಮಗೆ ಪೂರ್ತಿ ಒಪ್ಪಿಗೆ. ಡಯಾಲಿಸಿಸ್ ಮಾಡಿಸಿಕೊಂಡು ಹತ್ತು ವರ್ಷ ಹೊಲಮನೆ ನೋಡಿಕೊಂಡವರಿದ್ದಾರೆ. ಅವರ ಫೈಲಿನ ಮೇಲೆ 'ಕೊನೆಯ ಹಂತ' ಎಂದು ಬರೆಯುವುದು ತಪ್ಪು. ಆದರೆ ಪತ್ರಿಕೆಯ ಹೆಸರು ಬದಲಿಸಿದರೆ ಹೊಸ ಐಎಸ್‌ಎಸ್‌ಎನ್ ತೆಗೆದುಕೊಳ್ಳಬೇಕು, ಪಟ್ಟಿಗಳ ಲೆಕ್ಕದಲ್ಲಿ ಅದು ಹೊಸ ಪತ್ರಿಕೆಯೇ ಆಗುತ್ತದೆ. ಹಳೆಯ ವರ್ಷಗಳ ಇತಿಹಾಸ ಕಡಿದುಹೋಗುತ್ತದೆ. ಹೆಸರು ಹಾಗೇ ಉಳಿಸಿ, ಒಳಗಿನ ಪದಗಳನ್ನು ಬದಲಿಸಿದೆವು. ಆನ್‌ಲೈನ್ ಆವೃತ್ತಿಗೆ ಮುದ್ರಿತದ್ದಲ್ಲದೆ ಬೇರೆ ಐಎಸ್‌ಎಸ್‌ಎನ್ ಬೇಕು ಎಂಬುದೂ ಆಗಲೇ ತಿಳಿಯಿತು. ದೆಹಲಿಯ ಸಿಎಸ್‌ಐಆರ್-ನಿಸ್ಪರ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಐಎಸ್‌ಎಸ್‌ಎನ್ ಕೇಂದ್ರಕ್ಕೆ ಅರ್ಜಿ ಹಾಕಬೇಕು, ಶುಲ್ಕವಿಲ್ಲ. 'ಐಎಸ್‌ಎಸ್‌ಎನ್ ಮಾಡಿಸಿ ಕೊಡ್ತೀವಿ' ಎಂದು ಹಣ ಕೇಳುವ ಮಧ್ಯವರ್ತಿಗಳ ಕಡೆ ಹೋಗಬೇಡಿ.

ಎರಡನೆಯದರಲ್ಲಿ ಎರಡು ವಾರ ವ್ಯರ್ಥವಾದವು. ಸಂಪಾದಕರು ಬದಲಾದರೆ ಜಿಲ್ಲಾ ದಂಡಾಧಿಕಾರಿಗಳ ಮುಂದೆ ಘೋಷಣೆ ಸಲ್ಲಿಸಬೇಕು ಎಂದು ತಿಳಿದವರೊಬ್ಬರು ಹೇಳಿದ್ದರು. ಅಫಿಡವಿಟ್, ಮುದ್ರಕರ ಒಪ್ಪಿಗೆ ಪತ್ರ, ವಿಳಾಸದ ದಾಖಲೆ ಎಲ್ಲ ಜೋಡಿಸಿದೆವು. ಕಡೆಗೆ ಕಾಯ್ದೆಯನ್ನೇ ತೆಗೆದು ಓದಿದಾಗ ಗೊತ್ತಾಯಿತು: 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆಯಲ್ಲಿ ವೈಜ್ಞಾನಿಕ, ತಾಂತ್ರಿಕ, ಶೈಕ್ಷಣಿಕ ಜರ್ನಲ್‌ಗಳು 'ನಿಯತಕಾಲಿಕೆ' ಎಂಬ ವ್ಯಾಖ್ಯೆಯ ಹೊರಗಿವೆ. ನಿಮ್ಮ ಪತ್ರಿಕೆ ಸಾರ್ವಜನಿಕ ಸುದ್ದಿಯನ್ನೂ ಹಾಕುತ್ತಿದ್ದರೆ ಲೆಕ್ಕ ಬೇರೆ. ಬರೀ ಸಂಶೋಧನೆ ಹಾಕುವವರು ಮೊದಲು ಆ ವ್ಯಾಖ್ಯೆ ಓದಿಕೊಂಡು ಮುಂದಿನ ಹೆಜ್ಜೆ ಇಡಿ.

ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಸಿಗುವ ಶಾಶ್ವತ ಅಂತರ್ಜಾಲ ಗುರುತಿನ ಸಂಖ್ಯೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ದಾಖಲಿಸುವ ಕ್ರಾಸ್‌ರೆಫ್ ಸಂಸ್ಥೆಯ ಸದಸ್ಯತ್ವಕ್ಕೆ ನಾವು ಕಟ್ಟಿದ್ದು ವರ್ಷಕ್ಕೆ 275 ಡಾಲರ್, ಹೊಸ ಲೇಖನವೊಂದಕ್ಕೆ 1 ಡಾಲರ್, ಹಳೆಯ ವರ್ಷಗಳದ್ದಕ್ಕೆ 15 ಸೆಂಟ್. ಡಾಲರಿನಲ್ಲಿ ಕಟ್ಟಲು ಸಂಸ್ಥೆಯ ಬ್ಯಾಂಕಿನಲ್ಲಿ ಕಾಗದ ಪೂರೈಸುವುದಕ್ಕೇ ಮೂರು ವಾರ ಹಿಡಿಯಿತು, ಅದನ್ನು ಮೊದಲೇ ಶುರು ಮಾಡಿ. ಜಾಲತಾಣದ ವಿಳಾಸ ಬದಲಾದರೆ ಪ್ರತಿ ಡಿಒಐಗೂ ಹೊಸ ವಿಳಾಸ ದಾಖಲಿಸಬೇಕು, ಇಲ್ಲದಿದ್ದರೆ ಹಳೆಯ ಲೇಖನ ಒತ್ತಿದವರಿಗೆ ಖಾಲಿ ಪುಟ ಸಿಗುತ್ತದೆ. ಈ ಖರ್ಚಿಗಾಗಿ ಮುದ್ರಿತ ಸಂಚಿಕೆಯನ್ನು ನಿಲ್ಲಿಸಿದೆವು. ಲೇಖಕರಿಂದ ಹಣ ಪಡೆಯುವುದಿಲ್ಲ ಎಂಬುದು ನಮ್ಮ ಎರಡನೆಯ ಗುರಿ, ಅದನ್ನು ಬಿಡಲು ಯಾರೂ ಒಪ್ಪಲಿಲ್ಲ.

ಅಕ್ಟೋಬರ್‌ನಲ್ಲಿ ಬಾಕಿ ಲೇಖನಗಳನ್ನು ಒಂದೊಂದಾಗಿ ಓದಲು ಕೂತೆವು. ಮೂರನೆಯ ಗುರಿ ಹುಟ್ಟಿದ್ದು ಅಲ್ಲಿ, ಮತ್ತು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ಕಿಡ್ನಿ ಲೇಖನದಲ್ಲಿ ಅಳತೆ ಸರಿ ಇರಬೇಕು. ಲೇಖನ ತಿರಸ್ಕೃತವಾದದ್ದು ವಿಷಯ ಸಣ್ಣದೆಂದಲ್ಲ. ಮೂರು ತಿಂಗಳ ಹಿಂದೆಯೇ ಸರಿ ಮಾಡಬಹುದಾಗಿದ್ದ ಅಳತೆಯ ತಪ್ಪುಗಳಿಂದ.

ದೀರ್ಘಕಾಲೀನ ಕಿಡ್ನಿ ರೋಗ ಎನ್ನಬೇಕಾದರೆ ತೊಂದರೆ ಕನಿಷ್ಠ ಮೂರು ತಿಂಗಳು ಇರಬೇಕು. ಒಂದೇ ದಿನ ರಕ್ತ ತೆಗೆದು, ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 60ಕ್ಕಿಂತ ಕಡಿಮೆ ಬಂದವರನ್ನೆಲ್ಲ ರೋಗಿಗಳೆಂದು ಎಣಿಸಿದ ಬರಹಗಳು ನಮ್ಮ ರಾಶಿಯಲ್ಲಿ ಹಲವಿದ್ದವು. ಎರಡನೇ ಸಲ ಪರೀಕ್ಷೆ ಇಲ್ಲದಿದ್ದರೆ 'ಇಜಿಎಫ್‌ಆರ್ ಕಡಿಮೆ ಇರುವವರು' ಎಂದಷ್ಟೇ ಬರೆಯಬಹುದು. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ಕಡಿಯುವವರ ಮೇಲೆ ಅಧ್ಯಯನ ಮಾಡುವ ಆಸೆ ಈಗ ಬಹಳ ಜನಕ್ಕಿದೆ. ಮಧ್ಯ ಅಮೆರಿಕದ ಕಬ್ಬಿನ ಕೂಲಿಗಳಲ್ಲಿ, ಆಂಧ್ರದ ಉದ್ದಾನಂನಲ್ಲಿ, ಶ್ರೀಲಂಕಾದಲ್ಲಿ ಕಾರಣ ತಿಳಿಯದ ಕಿಡ್ನಿ ರೋಗ ಕಂಡಿರುವುದರಿಂದ ಆಸೆ ಸಹಜ, ಆಗಬೇಕಾದ ಕೆಲಸವೂ ಹೌದು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಕಡಿದು ಬಂದವರ ರಕ್ತ ತೆಗೆದರೆ ಮೈಯ ನೀರು ಬತ್ತಿದ್ದಕ್ಕೇ ಕ್ರಿಯಾಟಿನಿನ್ (ಇಜಿಎಫ್‌ಆರ್ ಲೆಕ್ಕಕ್ಕೆ ಬಳಸುವ, ಮಾಂಸಖಂಡದಿಂದ ರಕ್ತಕ್ಕೆ ಬರುವ ತ್ಯಾಜ್ಯ) ಏರಿರುತ್ತದೆ. ಬೆಳಗ್ಗೆ ಹೊಲಕ್ಕಿಳಿಯುವ ಮುಂಚೆ ತೆಗೆಯಿರಿ. ಕಾರ್ಖಾನೆ ನುರಿಸುವ ಹಂಗಾಮು ಅಕ್ಟೋಬರ್-ನವೆಂಬರ್‌ಗೆ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ, ಗ್ಯಾಂಗಿನವರು ಊರಿಗೆ, ತಾಂಡಾಕ್ಕೆ ಹೊರಟುಹೋಗುತ್ತಾರೆ. ಮೊದಲ ರಕ್ತ ನವೆಂಬರ್‌ನಲ್ಲಿ ತೆಗೆದರೆ ಎರಡನೆಯದು ಫೆಬ್ರವರಿಯಲ್ಲಿ ಅದೇ ಹೊಲದಲ್ಲಿ ಸಿಗುತ್ತದೆ. ಜನವರಿಯಲ್ಲಿ ಶುರು ಮಾಡಿದರೆ ಎರಡನೇ ಸಲಕ್ಕೆ ಜನವೇ ಇರುವುದಿಲ್ಲ. ಇಂಥ ಸಮೀಕ್ಷೆಗೆಂದೇ ಡಿಗ್ರಿ ಎಂಬ ಹೆಸರಿನ ಅಂತರರಾಷ್ಟ್ರೀಯ ಕ್ರಮವಿದೆ, ಹೊಸದಾಗಿ ಕಟ್ಟುವ ಬದಲು ಅದನ್ನೇ ಅನುಸರಿಸಿದರೆ ಬೇರೆ ದೇಶದ ಅಂಕಿಗಳ ಜೊತೆ ಹೋಲಿಸಬಹುದು.

ಕ್ರಿಯಾಟಿನಿನ್ ಯಾವ ವಿಧಾನದಲ್ಲಿ ಅಳೆದದ್ದೆಂದು ಲೇಖನದಲ್ಲಿ ಇರಲೇಬೇಕು. ಜಾಫೆ ವಿಧಾನ ಅಗ್ಗ. ಆದರೆ ಸಕ್ಕರೆ, ಕೀಟೋನ್, ಪ್ರೋಟೀನ್ ಕೂಡ ಬಣ್ಣ ಕೊಟ್ಟು ಕ್ರಿಯಾಟಿನಿನ್ ಹೆಚ್ಚಿದ್ದಂತೆ ತೋರಿಸುತ್ತವೆ, ಕಾಮಾಲೆ ಇದ್ದವರಲ್ಲಿ ಕಡಿಮೆ ತೋರಿಸಬಹುದು. ಎನ್‌ಜೈಮ್ ವಿಧಾನದಲ್ಲಿ ಈ ತೊಂದರೆ ಕಡಿಮೆ. ಯಾವುದಾದರೂ ಸರಿ, ಅಳತೆ ಐಡಿಎಂಎಸ್ ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದಿಸಿದ್ದೆಂದು ಲ್ಯಾಬಿನಿಂದ ಬರೆಸಿಕೊಳ್ಳಿ. ಕ್ರಿಯಾಟಿನಿನ್‌ನಿಂದ ಇಜಿಎಫ್‌ಆರ್ ತೆಗೆದ ಸೂತ್ರ ಯಾವುದೆಂದೂ ಹೇಳಿ. ನಮ್ಮ ರಾಶಿಯಲ್ಲಿ ಹಳೆಯ ಎಂಡಿಆರ್‌ಡಿ ಹಾಕಿದವರೇ ಹೆಚ್ಚು, ಈಗ ನಾವು ಕೇಳುವುದು ಜನಾಂಗದ ಗುಣಕ ತೆಗೆದುಹಾಕಿದ 2021ರ ಸಿಕೆಡಿ-ಎಪಿ ಸೂತ್ರ. ಅದಕ್ಕೂ ಮಿತಿಯಿದೆ. ಬಡಕಲು ಮೈಯವರಲ್ಲಿ, ಕಾಲು ತೆಗೆದವರಲ್ಲಿ ಮಾಂಸಖಂಡ ಕಡಿಮೆ ಇರುವುದರಿಂದ ಕ್ರಿಯಾಟಿನಿನ್ ಕಡಿಮೆ ಬಂದು ಕಿಡ್ನಿ ಇದ್ದದ್ದಕ್ಕಿಂತ ಚೆನ್ನಾಗಿರುವಂತೆ ತೋರುತ್ತದೆ. ಹಠಾತ್ ಕಿಡ್ನಿ ಪೆಟ್ಟಿನಲ್ಲಿ ಕ್ರಿಯಾಟಿನಿನ್ ದಿನದಿನಕ್ಕೂ ಬದಲಾಗುತ್ತಿರುವಾಗ ಇಜಿಎಫ್‌ಆರ್ ಲೆಕ್ಕಕ್ಕೆ ಅರ್ಥವೇ ಇಲ್ಲ. ಅಲ್ಲಿ 48 ಗಂಟೆಯಲ್ಲಿ ಡೆಸಿಲೀಟರ್‌ಗೆ 0.3 ಮಿಲಿಗ್ರಾಂ ಏರಿತೇ, ಏಳು ದಿನದಲ್ಲಿ ಒಂದೂವರೆ ಪಟ್ಟಾಯಿತೇ ಎಂದು ನೋಡಬೇಕು.

ಯೂರಿಯಾದ ಗೊಂದಲ ಇನ್ನೂ ಹೆಚ್ಚು. ನಮ್ಮ ಕಡೆಯ ಬಹಳ ಲ್ಯಾಬುಗಳು ಬ್ಲಡ್ ಯೂರಿಯಾ ಕೊಡುತ್ತವೆ. ಲೇಖಕರು ಕೋಷ್ಟಕದ ತಲೆಗೆ ಬಿಯುಎನ್ ಎಂದು ಬರೆಯುತ್ತಾರೆ. ಬಿಯುಎನ್ ಎಂದರೆ ಯೂರಿಯಾದೊಳಗಿನ ಸಾರಜನಕ ಮಾತ್ರ, ಯೂರಿಯಾ ಅದರ 2.14 ಪಟ್ಟು. ಯೂರಿಯಾ 107 ಇದ್ದರೆ ಬಿಯುಎನ್ 50. ಡಯಾಲಿಸಿಸ್‌ನ ಮುಂಚೆ-ನಂತರದ ಅನುಪಾತಕ್ಕೆ ಇದರಿಂದ ವ್ಯತ್ಯಾಸವಾಗದು, ಎರಡೂ ಕಡೆ ಒಂದೇ ಪಟ್ಟು ಇರುತ್ತದೆ. ಆದರೆ ಬೇರೆ ಅಧ್ಯಯನದೊಡನೆ ಹೋಲಿಸಿದ ಕೂಡಲೇ ನಮ್ಮ ರೋಗಿಗಳು ಎರಡು ಪಟ್ಟು ಕೆಟ್ಟಿದ್ದಂತೆ ಕಾಣುತ್ತಾರೆ.

ಡಯಾಲಿಸಿಸ್ ಸಾಕಾಗುತ್ತಿದೆಯೇ ಎಂಬ ಲೇಖನಗಳಲ್ಲಿ ಕೆಟಿ ಬೈ ವಿ (ಒಂದು ಸಲದ ಡಯಾಲಿಸಿಸ್‌ನಲ್ಲಿ ರಕ್ತ ಎಷ್ಟು ಶುದ್ಧವಾಯಿತು ಎಂಬ ಅಳತೆ) 1.2 ಎಂಬ ಗೆರೆ ಎಲ್ಲರೂ ಹಾಕುತ್ತಾರೆ. ಆ ಗೆರೆ ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಿಗೆ. ಬಸ್ ಖರ್ಚು, ಕೂಲಿ ನಷ್ಟ ಲೆಕ್ಕ ಹಾಕಿ ವಾರಕ್ಕೆ ಎರಡೇ ಸಲ ಬರುವವರು ನಮ್ಮಲ್ಲಿ ಬಹಳ, ಅವರಿಗೆ ಅದೇ ಗೆರೆ ಹಿಡಿದು 'ಸಾಕಾಗಿದೆ' ಎಂದು ಬರೆಯಬಾರದು. ಕೊನೆಯ ರಕ್ತವನ್ನು ಪಂಪಿನ ವೇಗ ಮಿನಿಟಿಗೆ 100 ಮಿಲಿಗೆ ಇಳಿಸಿ 15 ಸೆಕೆಂಡ್ ಬಿಟ್ಟು ತೆಗೆದಿರಾ ಎಂದೂ ಕೇಳುತ್ತೇವೆ. ಇಳಿಸದೆ ತೆಗೆದರೆ ಶುದ್ಧವಾದ ರಕ್ತವೇ ಮರಳಿ ಬೆರೆತು ಯೂರಿಯಾ ತೀರ ಕಡಿಮೆ ತೋರುವ ಸಂಭವವಿದೆ.

ಇಷ್ಟನ್ನೂ ಎರಡು ಪುಟದ ತಪಾಸಣಾ ಪಟ್ಟಿ ಮಾಡಿ ಲೇಖಕರಿಗೆ ಕೊಟ್ಟೆವು. ವೀಕ್ಷಣಾ ಅಧ್ಯಯನಕ್ಕೆ 22 ಅಂಶಗಳ ಸ್ಟ್ರೋಬ್ ಪಟ್ಟಿ ಇದ್ದೇ ಇದೆ, ಚಿಕಿತ್ಸಾ ಪ್ರಯೋಗಕ್ಕೆ ಕನ್ಸಾರ್ಟ್. ನಮ್ಮ ಎರಡು ಪುಟ ಅವುಗಳ ಜೊತೆಗಿನದು.

ನೈತಿಕ ಸಮಿತಿಯ ಪತ್ರದಲ್ಲಿ ದಿನಾಂಕ ನೋಡಿ. ಅನುಮತಿ ಮಾರ್ಚ್‌ನಲ್ಲಿ, ಮಾಹಿತಿ ಸಂಗ್ರಹ ಜನವರಿಯಿಂದ ಎಂದಿದ್ದರೆ ಲೇಖನ ಅಲ್ಲಿಗೇ ನಿಲ್ಲುತ್ತದೆ, ಆಮೇಲೆ ತಂದ ಅನುಮತಿ ನಡೆಯುವುದಿಲ್ಲ. ಹಳೆಯ ಕೇಸ್ ಶೀಟುಗಳಿಂದ ಮಾಡಿದ ಕೆಲಸಕ್ಕೆ ಪತ್ರ ಬೇಡ ಎಂದು ನಂಬಿದವರು ಅನೇಕರು. ರೋಗಿಗಳ ಒಪ್ಪಿಗೆಯಿಂದ ವಿನಾಯಿತಿ ಸಿಗಬಹುದು, ಆ ವಿನಾಯಿತಿ ಕೊಡಬೇಕಾದದ್ದು ಸಮಿತಿಯೇ. ಪಿಜಿ ಪ್ರಬಂಧದ ಅನುಮತಿ ಆ ಪ್ರಬಂಧದ ಅವಧಿಗೆ ಮಾತ್ರ, ಆಮೇಲೆ ಸೇರಿಸಿದ ರೋಗಿಗಳಿಗೆ ತಿದ್ದುಪಡಿ ಬೇಕು. ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ಸಿಟಿಆರ್‌ಐನಲ್ಲಿ (ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆ) ನೋಂದಣಿ, 2018ರ ಏಪ್ರಿಲ್‌ನಿಂದ ನಂತರದ ನೋಂದಣಿ ಇಲ್ಲ. ಕಸಿಯ ಲೇಖನಕ್ಕೆ ಅಂಗ ಯಾರಿಂದ ಬಂತು, ಕಾಯ್ದೆಯಂತೆ ಅನುಮತಿ ಇತ್ತೇ ಎಂಬ ವಾಕ್ಯ ಬೇಕು. ಫೋಟೋದಲ್ಲಿ ಕಣ್ಣಿಗೆ ಕರಿಪಟ್ಟಿ ಹಾಕಿದರೆ ಗುರುತು ಮುಚ್ಚಿದಂತಲ್ಲ, ರೋಗಿಯ ಲಿಖಿತ ಒಪ್ಪಿಗೆ ಬೇಕೇ ಬೇಕು, ಅದೂ ಅವರು ಓದಬಲ್ಲ ಭಾಷೆಯಲ್ಲಿ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ನಮೂನೆ ಇಟ್ಟುಕೊಳ್ಳದಿದ್ದರೆ ನಡೆಯದು.

ವಿಮರ್ಶಕರ ವಿಷಯ. ಒಂದೇ ಸಲ ಆರು ಮಂದಿಗೆ ಪತ್ರ ಹಾಕಿ ನಾಲ್ವರು ಒಪ್ಪಿಬಿಟ್ಟು ಮುಜುಗರವಾಯಿತು. ಇಬ್ಬಿಬ್ಬರಿಗೇ ಕಳಿಸಿದಾಗ ಉತ್ತರವಿಲ್ಲದೆ ತಿಂಗಳು ಕಳೆಯಿತು. ಈಗ ಮೂವರಿಗೆ ಕಳಿಸುತ್ತೇವೆ, ಐದನೇ ದಿನ ಒಂದು ನೆನಪೋಲೆ, ಏಳನೇ ದಿನ ಮುಂದಿನವರಿಗೆ. ದಸರೆ-ದೀಪಾವಳಿ ನಡುವೆ, ಪಿಜಿ ಪರೀಕ್ಷೆಯ ತಿಂಗಳಲ್ಲಿ 14 ದಿನ ಸಾಲುವುದಿಲ್ಲ, ಆಗ ಲೇಖಕರಿಗೆ ಮೊದಲೇ ತಿಳಿಸುತ್ತೇವೆ. ಕಿರಿಯ ವೈದ್ಯರನ್ನು ಹಿರಿಯರೊಬ್ಬರ ಜೊತೆ ಕೂರಿಸಿ ವಿಮರ್ಶೆ ಬರೆಸುವುದು ನಾಲ್ಕನೆಯ ಗುರಿ, ಇಬ್ಬರ ಹೆಸರೂ ದಾಖಲಾಗುತ್ತದೆ. ಯಾರೂ ಲೇಖನವನ್ನು ಎಐ ಸಾಧನಕ್ಕೆ ಹಾಕಬಾರದು, ಅದು ಇನ್ನೊಬ್ಬರ ಗುಟ್ಟಿನ ಕಾಗದ. ಲೇಖಕರು ಎಐ ಬಳಸಿದ್ದರೆ ಹೇಳಬೇಕು. ಕೊನೆಯ ಪುಟದ ಆಕರಗಳಲ್ಲಿ ಇಲ್ಲದ ಲೇಖನಗಳು ಸೇರಿಕೊಳ್ಳುತ್ತಿವೆ, ಹಾಗಾಗಿ ಪ್ರತಿ ಆಕರದ ಡಿಒಐ ತೆರೆದು ನೋಡುತ್ತೇವೆ. ಲೇಖನವೊಂದಕ್ಕೆ ಸುಮಾರು ನಲವತ್ತು ನಿಮಿಷದ ಕೆಲಸ.

ಡಿಸೆಂಬರ್ ಸಂಚಿಕೆಯಿಂದ ಪ್ರತಿ ಲೇಖನಕ್ಕೂ 150 ಪದದ ಕನ್ನಡ ಸಾರಾಂಶ ಸೇರಿಸಿದೆವು. ಡಯಾಲಿಸಿಸ್ ಘಟಕದ ತಂತ್ರಜ್ಞರೊಬ್ಬರು ಮೊದಲು ಓದುತ್ತಾರೆ, ಅವರಿಗೆ ತೊಡಕಾದ ವಾಕ್ಯವನ್ನು ಮತ್ತೆ ಬರೆಯುತ್ತೇವೆ. 'ಸೀರಮ್‌ನಲ್ಲಿ ಪೊಟ್ಯಾಸಿಯಂ ಅಧಿಕತೆ' ಎಂದಿದ್ದನ್ನು ಅವರು ತಿದ್ದಿದ್ದು ಹೀಗೆ: 'ರಕ್ತದಾಗ ಪೊಟ್ಯಾಸಿಯಂ ಏರಿದ್ರ ಎದಿ ಬಡಿತಾನೇ ತಪ್ಪತೈತ್ರೀ ಅಂತ ಬರೀರಿ, ಆಗ ಎಳನೀರು ಬಿಡ್ತಾರ.' ಆಡುಮಾತನ್ನು ಬರಹಕ್ಕೆ ಹೊಂದಿಸಿದೆವು, ಎದೆ ಬಡಿತದ ಮಾತನ್ನು ಹಾಗೇ ಇಟ್ಟೆವು.

43ರಲ್ಲಿ ಕೊನೆಯದಕ್ಕೆ ತೀರ್ಪು ಹೋದದ್ದು ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ, ಎಲ್ಲರೂ ಉಚಿತವಾಗಿ ಓದಬಹುದಾದ ಪತ್ರಿಕೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ಡಿಒಎಜೆಗೆ ಅರ್ಜಿ ಹಾಕಿದೆವು. ಅರ್ಜಿಗೆ ಶುಲ್ಕವಿಲ್ಲ, ತಿರಸ್ಕೃತವಾದರೆ ಆರು ತಿಂಗಳು ಮತ್ತೆ ಹಾಕುವಂತಿಲ್ಲ. ಆದ್ದರಿಂದ ಒಂದು ಲೆಕ್ಕ ಮೊದಲೇ ಮಾಡಿಕೊಳ್ಳಿ: ಸಂಪಾದಕರು, ಮಂಡಳಿ ಸದಸ್ಯರು, ವಿಮರ್ಶಕರು ಬರೆದ ಲೇಖನಗಳು ಇತ್ತೀಚಿನ ಎರಡು ಸಂಚಿಕೆಗಳಲ್ಲಿ ಯಾವುದರಲ್ಲೂ ಶೇ. 25 ಮೀರಬಾರದು. ಸಣ್ಣ ಪತ್ರಿಕೆಯಲ್ಲಿ ಬರೆಯುವವರೂ ಓದುವವರೂ ವಿಮರ್ಶಿಸುವವರೂ ಅವೇ ನಾಲ್ಕು ಕಾಲೇಜಿನವರಾದ್ದರಿಂದ ಈ ಗೆರೆ ದಾಟುವುದು ಸುಲಭ. ನಾವು ಐವರೂ ನಮ್ಮ ಪತ್ರಿಕೆಯಲ್ಲಿ ಸಂಶೋಧನಾ ಲೇಖನ ಬರೆಯುವುದಿಲ್ಲ ಎಂದು ನಿರ್ಧರಿಸಿ, ಕಲಬುರಗಿ, ಕೊಲ್ಹಾಪುರ, ಗೋವಾ ಕಡೆಯಿಂದ ವಿಮರ್ಶಕರನ್ನು ಸೇರಿಸಿದೆವು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಈ ವಾರ ಸಾಲಿನಲ್ಲಿರುವುದು 11 ಲೇಖನ, ಎಲ್ಲಕ್ಕಿಂತ ಹಳೆಯದು ಬಂದು 38 ದಿನವಾಗಿದೆ, ಅದರ ಎರಡನೇ ವಿಮರ್ಶೆ ಸೋಮವಾರ ಬರಬೇಕು.